ಟೇಕಲ್ ಬಿಡ್ತು

ಮಾಲೂರಿನಿಂದ ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗುವ ನಮಗೆಲ್ಲ ಒಂದು ವಾಟ್ಸಾಪ್ ಗ್ರೂಪ್ ಇದೆ. ಬೆಳಿಗ್ಗೆ ಅದರಲ್ಲಿ 'ಟೇಕಲ್ ಬಿಡ್ತು' ಅಂತ ಮೆಸೇಜ್ ಬಂದರೆ ಸಾಕು, ನಾನು ತಟ್ಟೆ ತೊಳೆದಿಟ್ಟು ಸ್ಟೇಷನ್ನಿಗೆ ಹೊರಡುತ್ತಿದ್ದೆ. ಟೇಕಲ್ ನಮ್ಮ ಹಿಂದಿನ ಸ್ಟೇಷನ್. ಅಲ್ಲಿ ಹಳಿ ಪಕ್ಕದಲ್ಲೇ ಮನೆಯಿದ್ದ ಹಿರಿಯರೊಬ್ಬರು, ತಾವು ರಿಟೈರ್ ಆದಮೇಲೂ ತಪ್ಪದೆ ಆ ಸುದ್ದಿ ಹಾಕುತ್ತಿದ್ದರು. ರೈಲು ತೋರಿಸುವ ಆ್ಯಪನ್ನು ನಾನು ನಂಬುತ್ತಿರಲಿಲ್ಲ, ಅವರನ್ನು ನಂಬುತ್ತಿದ್ದೆ. ಆದರೆ ಅವರ ಮುಖ ಒಂದು ದಿನವೂ ನೋಡಿರಲಿಲ್ಲ. ಹೆಸರೂ ಕೇಳಿರಲಿಲ್ಲ; ನಂಬರನ್ನು 'ಟೇಕಲ್' ಅಂತಲೇ ಸೇವ್ ಮಾಡಿಕೊಂಡಿದ್ದೆ.

ಹೋದ ವರ್ಷ ಒಂದು ಬೆಳಿಗ್ಗೆ ಮೆಸೇಜ್ ಬರಲಿಲ್ಲ. ಕಾದು ಕಾದು ಕೊನೆಗೆ ಓಡಿದೆ. ರೈಲು ಕಣ್ಣೆದುರೇ ಹೊರಟುಹೋಯಿತು. ನನಗೋ ಮೂಗಿನ ತುದಿಯಲ್ಲೇ ಕೋಪ. ಪ್ಲಾಟ್‌ಫಾರ್ಮಿನಲ್ಲಿ ನಿಂತೇ ಗ್ರೂಪಿಗೆ ಬರೆದೆ: 'ಏನ್ ಸಾರ್, ಇನ್ನೂ ಎದ್ದಿಲ್ವಾ? ನಿಮ್ಮನ್ನ ನಂಬ್ಕೊಂಡು ರೈಲು ತಪ್ತು.'

ಅರ್ಧ ಗಂಟೆ ಬಿಟ್ಟು ಅದೇ ನಂಬರಿನಿಂದ ಉತ್ತರ ಬಂತು.

'ನಾನು ಅವರ ಮಗಳು. ಅಪ್ಪ ಬೆಳಗಿನ ಜಾವ ತೀರ್ಕೊಂಡ್ರು. ಕ್ಷಮಿಸಿ, ಮನೇಲಿ ಜನ ಸೇರಿದ್ರು, ರೈಲು ಹೋಗಿದ್ದು ಗೊತ್ತಾಗಲಿಲ್ಲ.'

ಸ್ವಲ್ಪ ಹೊತ್ತಿಗೆ ಅದರ ಕೆಳಗೆ ಇನ್ನೊಂದು ಬಂತು: 'ಮುಂದಿನ ರೈಲು ಈಗ ಟೇಕಲ್ ಬಿಡ್ತು.'