ಮುಖ ಕಾಣದ ಗಿರಾಕಿಗಳು

ತಂಗಿ ತೀರಿಕೊಂಡ ಮೇಲೆ ಅವಳ ಬ್ಲಾಗಿನಲ್ಲಿ ಮಾರಾಟ ಏರಿತು. ವರದಿ ನೋಡಿದಾಗ ನನಗೆ ಸಮಾಧಾನವಾಗಲಿಲ್ಲ, ಅನುಮಾನ ಬಂತು.

ಅವಳು ಅಡುಗೆಮನೆಯ ಸಾಮಾನುಗಳ ಬಗ್ಗೆ ಬರೆಯುತ್ತಿದ್ದಳು. ಮಿಕ್ಸಿ, ಗ್ರೈಂಡರು, ಕುಕ್ಕರು, ಕಾಯಿ ತುರಿಯುವ ಯಂತ್ರ. ನಮ್ಮ ಮನೆಮಾತು ಕನ್ನಡ, ಬ್ಲಾಗು ತಮಿಳಿನಲ್ಲಿ. ಪ್ರತಿ ಬರಹದ ಕೆಳಗೆ ಆನ್‌ಲೈನ್ ಅಂಗಡಿಗೆ ಹೋಗುವ ಲಿಂಕ್ ಇರುತ್ತಿತ್ತು. ಅದನ್ನು ಒತ್ತಿ ಯಾರಾದರೂ ಕೊಂಡರೆ ಅಂಗಡಿಯವರು ನಮಗೆ ಸಣ್ಣ ಕಮಿಷನ್ ಕೊಡುತ್ತಾರೆ. ಕೊಂಡವರು ಯಾರು, ಯಾವ ಊರಿನವರು ಎಂದು ಹೇಳುವುದಿಲ್ಲ. ಎಷ್ಟು ಜನ ಲಿಂಕು ಒತ್ತಿದರು, ಏನನ್ನು ಕೊಂಡರು ಎಂಬುದಷ್ಟೇ ನಮಗೆ ಕಾಣುತ್ತದೆ. ಬರೆಯುವುದು ಅವಳ ಕೆಲಸ, ಲಿಂಕು ಮತ್ತು ವರದಿ ನನ್ನದು.

ತಮಿಳುನಾಡಿನ ತೇನಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ನಾನು ಇಂಥ ಬೇರೆ ಕೆಲವು ಬ್ಲಾಗುಗಳನ್ನೂ ನಡೆಸುತ್ತೇನೆ. ಅವುಗಳಲ್ಲಿ ಹೊಗಳಿರುವ ವಸ್ತುಗಳಲ್ಲಿ ಹೆಚ್ಚಿನವನ್ನು ನಾನು ಕಣ್ಣಿಂದ ಕಂಡಿಲ್ಲ. ಈ ಕಸುಬಿನಲ್ಲಿ ಅದು ಸಾಮಾನ್ಯ. ತಂಗಿ ಮಾತ್ರ ಹಾಗಿರಲಿಲ್ಲ. ಉದ್ದು ನೆನೆಹಾಕಿ, ಅರೆದು, ಹಿಟ್ಟಿನೊಳಗೆ ಕೈ ಇಟ್ಟು ನೋಡುತ್ತಿದ್ದಳು. ಹಿಟ್ಟು ಬಿಸಿಯಾಗಿದ್ದರೆ ಬಿಸಿಯಾಯಿತು ಎಂದೇ ಬರೆಯುವಳು. ಮುಚ್ಚಳ ತೆಗೆಯಲು ಎರಡು ಕೈಯೂ ಬೇಕಾದರೆ ಅದನ್ನೂ ಬರೆಯುವಳು. ಹಾಗೆ ಬರೆದರೆ ಯಾರು ಕೊಳ್ಳುತ್ತಾರೆ ಎಂದು ನಾನು ರೇಗುತ್ತಿದ್ದೆ. ಆದರೂ ಅವಳ ಪುಟದಿಂದ ತಿಂಗಳು ತಿಂಗಳೂ ಯಾರೋ ಕೊಳ್ಳುತ್ತಿದ್ದರು.

ಗಂಡನ ಮನೆಯಿಂದ ಮರಳಿ ಬಂದವಳು ಅವಳು. ಅಂಥವಳ ಮಾತಿಗೆ ನೆಂಟರ ನಡುವೆ ಎಷ್ಟು ಬೆಲೆ ಇರುತ್ತದೆಂದು ಹೇಳಬೇಕಿಲ್ಲ. ಮದುವೆಮನೆಯಲ್ಲಿ ಸಾರಿಗೆ ಹುಳಿ ಹೆಚ್ಚಾಯಿತು ಅಂದರೂ "ನೀ ಸುಮ್ನಿರವ್ವ" ಎನ್ನುತ್ತಿದ್ದರು. ಒಮ್ಮೆ ವರದಿ ನೋಡುತ್ತಾ ಅವಳು ಹೇಳಿದ್ದಳು: "ಮೊಕ ಗೊತ್ತಿಲ್ದೋರು ನನ್ ಮಾತ್ ನಂಬ್ತಾರೆ ಅಲ್ಲಣ್ಣಾ."

ಕಾಮಾಲೆ ಬಂದು ಅವಳು ಹೋದಳು. ಆಸ್ಪತ್ರೆಯ ದಿನಗಳ ಬಗ್ಗೆ ಬರೆಯಲು ನನಗೆ ಆಗುವುದಿಲ್ಲ.

ಸಾವಿಗೆ ಬಂದವರಲ್ಲಿ ದಿಂಡಿಗಲ್ಲಿನ ಒಬ್ಬನಿದ್ದ. ನನ್ನದೇ ಕಸುಬಿನವನು, ತಮಿಳಿನವನು. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, ತಂಗಿಯ ಬ್ಲಾಗನ್ನು ಮಾರುವುದಾದರೆ ತನಗೇ ಹೇಳು ಎಂದ. ಬಾಗಿಲ ಮುಂದೆ ಶಾಮಿಯಾನ ಇನ್ನೂ ಬಿಚ್ಚಿರಲಿಲ್ಲ. ಅದಾದ ಕೆಲವು ವಾರಕ್ಕೆ ಮಾರಾಟ ಏರಿತು. ಏರಿದ ಬೆನ್ನಲ್ಲೇ ಆನ್‌ಲೈನ್ ಅಂಗಡಿಯಿಂದ ಪತ್ರ ಬಂತು: ನಿಮ್ಮ ಖಾತೆಯಲ್ಲಿ ಅಸಹಜ ಕೊಳ್ಳುವಿಕೆ ಕಂಡಿದೆ, ತನಿಖೆ ಮುಗಿಯುವವರೆಗೆ ಅದನ್ನು ತಡೆಹಿಡಿದಿದ್ದೇವೆ.

ನನಗೆ ಆ ದಿಂಡಿಗಲ್ಲಿನವನ ಮೇಲೇ ಅನುಮಾನ ಹೋಯಿತು. ಎದುರಾಳಿಯ ಲಿಂಕನ್ನು ಸುಳ್ಳುಸುಳ್ಳೇ ಒತ್ತಿಸಿ ಖಾತೆ ಮುಚ್ಚಿಸುವವರು ನಮ್ಮಲ್ಲಿದ್ದಾರೆ. ಮುಚ್ಚಿದ ಮೇಲೆ ಬ್ಲಾಗು ಕಡಿಮೆಗೆ ಸಿಗುತ್ತದೆ. ಬಸ್ಸು ಹತ್ತಿ ಅವನ ಮನೆಗೇ ಹೋದೆ. ಅವನು ಸಿಟ್ಟಾಗಲಿಲ್ಲ. ನನ್ನ ಫೋನು ಇಸಕೊಂಡು ವರದಿ ನೋಡಿದ. ನೋಡಿ ತಮಿಳಿನಲ್ಲಿ ಕೇಳಿದ: "ಅಣ್ಣಾ, ಒಳಗೆ ಬಂದವರೆಲ್ಲ ಕೊಂಡುಕೊಂಡು ಹೋಗೋ ಅಂಗಡಿ ನೀವು ಎಲ್ಲಾದರೂ ನೋಡಿದ್ದೀರಾ?"

ಫೋನನ್ನು ನನ್ನ ಕಡೆಗೆ ತಿರುಗಿಸಿ ಹಿಡಿದ.

"ನಾನು ಮಾಡಿಸಿದ್ದರೆ ಒತ್ತಿದವರು ಸಾವಿರ, ಕೊಂಡವರು ಯಾರೂ ಇಲ್ಲ ಅಂತ ಇರುತ್ತಿತ್ತು. ಇಲ್ಲಿ ಒತ್ತಿದವರೆಲ್ಲ ಕೊಂಡಿದ್ದಾರೆ. ಇಷ್ಟು ಒಳ್ಳೆಯವರು ನಿಮ್ಮ ನೆಂಟರೇ ಇರಬೇಕು."

ಅವನ ಮಾತು ಚುಚ್ಚಿತು, ಏಕೆಂದರೆ ಲೆಕ್ಕ ಸರಿಯಾಗಿತ್ತು. ಮನೆಯವರು, ನೆಂಟರು ನಮ್ಮ ಲಿಂಕಿನಿಂದ ಕೊಳ್ಳಬಾರದು ಎಂಬುದು ಆ ಅಂಗಡಿಯ ಮೊದಲ ನಿಯಮ. ಕೊಂಡರೆ ಮೋಸ ಎಂದು ಬರೆದುಕೊಳ್ಳುತ್ತಾರೆ.

ಅಲ್ಲಿಂದ ನೇರ ಒಡ್ಡನ್‌ಛತ್ರಕ್ಕೆ ಹೋದೆ. ನೆಂಟರನ್ನೆಲ್ಲ ಒಂದು ಮಾತಿಗೆ ಸೇರಿಸಬಲ್ಲ ನಮ್ಮ ಸೋದರಮಾವ ಅಲ್ಲಿ ತರಕಾರಿ ಮಂಡಿ ಇಟ್ಟಿದ್ದಾರೆ. ಲಾರಿಗೆ ನುಗ್ಗೆಕಾಯಿ ಕಟ್ಟು ಏರಿಸುತ್ತಿದ್ದರು. ಅವರ ಮನೆ ಮಂಡಿಯ ಹಿಂದೆಯೇ. ಹಜಾರದ ಗೋಡೆಗೆ ಒರಗಿಸಿ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದರು. ಮಿಕ್ಸಿ, ಕುಕ್ಕರು, ಮತ್ತೆ ಮಿಕ್ಸಿ. ಒಂದರ ಟೇಪೂ ಕಿತ್ತಿರಲಿಲ್ಲ.

"ಬಾ ಮಾಪ್ಳೆ. ಉಂಡ್ಯಾ?" ಅಂದರು ಮಾವ. ಅಳಿಯ ಅನ್ನುವುದನ್ನು ಅವರು ತಮಿಳಿನಲ್ಲೇ ಅನ್ನುವುದು.

"ಇದೇನ್ ಮಾಮ, ಪಾತ್ರೆ ಅಂಗ್ಡಿ ಇಟ್ರಾ?"

"ನಿನ್ ತಂಗಿ ಒಳ್ಳೇದು ಅಂತ ಬರ್ದವ್ಳೆ. ಅದ್ಕೇ ನಾವು ತಕೊಂಡೋ."

ಅತ್ತೆ ಒಳಗಿಂದ ನೀರು ತಂದರು. "ನಿಜ ಏಳ್ಬುಡಿ. ಎಲ್ಲಾ ಗೊತ್ತಾಗೇ ಬಂದವ್ನೆ. ಮೊಕ ನೋಡಿ ಎಂಗೈತೆ."

ಮಾವ ಹೆಗಲ ಮೇಲಿನ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. ಮಂಡಿಯಲ್ಲಿ ಒಬ್ಬ ವ್ಯಾಪಾರಿ ಸತ್ತರೆ ಅವನಿಗೆ ಬರುವ ಮಾಲನ್ನು ಯಾರೂ ತಿರುಗಿಸುವುದಿಲ್ಲ ಎಂದರು. ಆ ಮನೆಯವರು ಎದ್ದು ನಿಲ್ಲುವವರೆಗೆ ರೈತರು ಅದೇ ಅಂಗಡಿಗೆ ಇಳಿಸಬೇಕು, ಪಕ್ಕದವನು ಕರೆಯಬಾರದು. "ನಿಮ್ದೂ ಕಮಿಷನ್ ಮಂಡಿ ತಾನೇ? ಅದು ನಿಲ್ಬಾರ್ದು ಅಂತ ನಾನೇ ಎಲ್ಲಾರ್ಗೂ ಪೋನ್ ಮಾಡ್ದೆ. ಆಂಡಿಪಟ್ಟಿಯೋರು, ಕಂಬಂ ಊರೋರು, ನಮ್ಮೋರೆಲ್ಲಾರೂ ತಕೊಂಡವ್ರೆ. ದುಡ್ಡು ಕೈಗ್ ಕೊಟ್ರೆ ನೀ ಇಸ್ಕೋತಿದ್ಯಾ?"

"ಇಲ್ಲ."

"ಮತ್ತೆ?"

"ನಮ್ಮೋರು ಕೊಂಡ್ರೆ ಅವ್ರು ಕಳ್ತನ ಅಂತಾರೆ ಮಾಮ."

"ನಮ್ಮೋರು ಕೊಳ್ದೆ ಇನ್ಯಾರ್ ಕೊಳ್ತಾರೆ?"

ಅವರು ಅದನ್ನು ತಮಾಷೆಯಾಗಿಯೇ ಅಂದರು. ನನಗೆ ಮಾತ್ರ ಅಲ್ಲಿಂದಾಚೆ ಏನೂ ಕೇಳಿಸಲಿಲ್ಲ. ಖಾತೆ ಹೋದರೆ ಇನ್ನೊಂದು ತೆರೆಯಬಹುದು. ತಂಗಿಯ ಮಾತನ್ನು ನಂಬಿದ ಹೊರಗಿನವರು ಯಾರೂ ಇರಲೇ ಇಲ್ಲವೇ? ತಿಂಗಳು ತಿಂಗಳೂ ಕೊಳ್ಳುತ್ತಿದ್ದವರು ಇವರೇ ಆಗಿದ್ದರೆ? ಸುಮ್ಮನಿರವ್ವ ಎನ್ನುತ್ತಿದ್ದ ಬಾಯಿಗಳೇ ಹಿಂದಿನಿಂದ ಕನಿಕರಕ್ಕೆ ಲಿಂಕು ಒತ್ತುತ್ತಿದ್ದವೇ?

"ಮೊದ್ಲಿಂದಾನೂ ನೀವೇ ಕೊಳ್ತಿದ್ರಾ?" ಎಂದು ಕೇಳಿದೆ.

ಅತ್ತೆ ಮಾವನ ಮುಖ ನೋಡಿದರು. ಆಮೇಲೆ, "ಇಲ್ಲಪ್ಪಾ. ಅವ್ಳು ಸತ್ಮೇಲೆ ತಾನೇ" ಅಂದರು.

ಅಡುಗೆಮನೆಯ ಕಟ್ಟೆಯ ಮೇಲೆ ಬಣ್ಣ ಹೋದ ಒಂದು ಮಿಕ್ಸಿ ಕಾಣುತ್ತಿತ್ತು. ತಂಗಿ ಮೊಟ್ಟಮೊದಲು ಬರೆದದ್ದು ಅದೇ ಮಾದರಿಯ ಬಗ್ಗೆ. ನಾನು ನೋಡುತ್ತಿರುವುದನ್ನು ಅತ್ತೆ ಕಂಡರು. "ಅದು ವೇದಸಂದೂರ್ ಅಂಗ್ಡೀಲಿ ತಕೊಂಡಿದ್ದು." ಇರಬಹುದು. ಆ ಮಾದರಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಯಾರೂ ಕೇಳದಿದ್ದಾಗ ಅವರು ಯಾಕೆ ಹೇಳಬೇಕಿತ್ತು?

ನಿಲ್ಲಿಸಿ ಎಂದು ಮಾವನಿಗೆ ಹೇಳಿದೆ. ಸಾವಿನ ಮನೆಗೆ ತಂದ ಅನ್ನವನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದಂತೆ ನನಗೇ ಅನಿಸಿತು. ಮಾವ ಬೇಜಾರಿನಿಂದಲೇ ಎಲ್ಲರಿಗೂ ಫೋನು ಮಾಡಿದರು. ಆನ್‌ಲೈನ್ ಅಂಗಡಿಗೆ ನಾನು ನಡೆದದ್ದನ್ನು ನಡೆದಂತೆ ಬರೆದೆ. ನೆಂಟರು ಕೊಂಡದ್ದರ ಕಮಿಷನ್ನು ಹಿಡಿದುಕೊಂಡು ಅವರು ಖಾತೆಯನ್ನು ಬಿಟ್ಟುಕೊಟ್ಟರು.

ಆಮೇಲೆ ಕಾದೆ. ನೆಂಟರು ನಿಂತ ಮೇಲೂ ಯಾರಾದರೂ ಕೊಂಡರೆ ಅವರು ಹೊರಗಿನವರು, ಅಷ್ಟೇ ಲೆಕ್ಕ. ಬಹಳ ದಿನ ವರದಿ ಖಾಲಿಯಾಗಿತ್ತು. ನಂತರ ಒಂದು ಕಾಯಿ ತುರಿಯುವ ಯಂತ್ರ ಕಾಣಿಸಿಕೊಂಡಿತು. ನಾನು ಸಂತೋಷಪಡಬೇಕಿತ್ತು. ಅತ್ತೆಗೆ ಫೋನು ಹಚ್ಚಿದೆ.

"ನೀವಾ ಅತ್ತೆ?"

"ಇಲ್ಲ."

"ನಿಜ್ವಾಗ್ಲೂ?"

"ತಕೊಂಡೆ ಅಂದ್ರೆ ನಿಂಗ್ ನೋವು. ಇಲ್ಲ ಅಂದ್ರೆ ನಂಬಲ್ಲ. ನಾ ಏನ್ ಏಳ್ಲಿ, ನೀನೇ ಏಳ್ಕೊಡು." ಅಂದರು ಅತ್ತೆ. "ಅವ್ಳು ನಮ್ಗೂ ಮಗ್ಳೇ ಅಲ್ವೇನಪ್ಪಾ."

ಆ ಮಧ್ಯಾಹ್ನವೇ ಕುಳಿತು ತಂಗಿಯ ಪುಟಗಳಿಂದ ಲಿಂಕುಗಳನ್ನೆಲ್ಲ ತೆಗೆದುಹಾಕಿದೆ. ಬರಹಕ್ಕೆ ಕೈ ಹಚ್ಚಲಿಲ್ಲ. ಕಮಿಷನ್ನೇ ಇಲ್ಲದ ಮೇಲೆ ಕನಿಕರಕ್ಕೆ ಬರುವವರಿಗೆ ಅಲ್ಲಿ ಕೆಲಸವಿಲ್ಲ. ಮಾವ ಸುದ್ದಿ ಕೇಳಿ, "ಕಮಿಷನ್ ಬೇಡ ಅನ್ನೋ ಮಂಡಿಯೋನ್ನ ನಾ ಇವತ್ತೇ ನೋಡಿದ್ದು" ಅಂದರು.

ಪುಟ ತೆರೆಯುವವರು ಕಡಿಮೆಯಾಗಲಿಲ್ಲ. ಅದನ್ನೂ ನಾನು ಪೂರ್ತಿ ನಂಬಲಾರೆ. ಮನುಷ್ಯರಲ್ಲದೆ ಕಂಪ್ಯೂಟರುಗಳೂ ತಾವಾಗಿಯೇ ಪುಟ ತೆರೆಯುತ್ತವೆಂದು ನನಗೆ ಗೊತ್ತು. ಆದರೆ ಕಳೆದ ವಾರ ಒಬ್ಬ ಹೆಂಗಸು ಗ್ರೈಂಡರಿನ ಬರಹದ ಕೆಳಗೆ ಪ್ರಶ್ನೆ ಹಾಕಿದ್ದರು. ನೀವು ಹೇಳಿದಂತೆ ಉದ್ದನ್ನು ಮೊದಲು, ಅಕ್ಕಿಯನ್ನು ಆಮೇಲೆ ಅರೆದೆ, ಆದರೂ ಕಲ್ಲಿನ ಕೆಳಗೆ ಹಿಟ್ಟು ಸಿಕ್ಕಿಕೊಳ್ಳುತ್ತದೆ, ನಿಮಗೆ ಹೇಗೆ ಸರಿ ಬರುತ್ತದೆ ಎಂದು. ಹೆಸರು ನಮ್ಮ ಕಡೆಯದಲ್ಲ. ಬೇಕೆಂದೇ ಬೇರೆ ಹೆಸರು ಇಟ್ಟುಕೊಂಡಿರಬಹುದೇ ಎಂದೂ ಯೋಚಿಸಿದೆ. ಪ್ರಶ್ನೆಗೆ ಉತ್ತರ ನನಗೆ ಗೊತ್ತಿರಲಿಲ್ಲ. ಅಕ್ಕಿ ನೆನೆಹಾಕಿದೆ. ಬೆಳಿಗ್ಗೆ ತಂಗಿಯ ಗ್ರೈಂಡರಿಗೆ ಸುರಿದು, ಕಲ್ಲು ತಿರುಗುವುದನ್ನು ನೋಡುತ್ತಾ ನಿಂತೆ. ನೀರು ಕಡಿಮೆಯಾದಾಗ ಹಿಟ್ಟು ಕೆಳಗೆ ಸೇರಿತು, ಸ್ವಲ್ಪಸ್ವಲ್ಪವೇ ಚಿಮುಕಿಸಿದಾಗ ಮೇಲೆ ಬಂತು. ಕೈ ತೊಳೆದುಕೊಂಡು ಉತ್ತರ ಬರೆದೆ: "ಇದನ್ನು ಬರೆದವಳು ನನ್ನ ತಂಗಿ. ಅವಳು ಈಗಿಲ್ಲ. ನಾನು ಈ ಹೊತ್ತು ಅರೆದು ನೋಡಿದೆ. ನೀರನ್ನು ಒಮ್ಮೆಲೇ ಹಾಕಬೇಡಿ."