ಅತ್ತೆಯ ಸೀರೆಯೂ ನನ್ನ ಅಂಬಾಸಿಡರೂ

"ಏನ್ರೀ, ಟ್ರಂಕಿನ್ಯಾಗ ನಮ್ಮವ್ವನ ಸೀರಿ ಇಟ್ಟಿದ್ದೆ. ಎಲ್ಲಿ ಹೋದುವು?"

ಕಳೆದ ಭಾನುವಾರ ಹಿಂದಿನ ಕೋಣೆಯಿಂದ ಹೆಂಡತಿ ಗಿರಿಜಾ ಕೂಗಿದಾಗ, ನಾನು ಶೆಡ್ಡಿನಲ್ಲಿ ನನ್ನ ಹಳೆಯ ಅಂಬಾಸಿಡರ್‌ನ ಬಾನೆಟ್ಟಿಗೆ ಪಾಲಿಶ್ ತಿಕ್ಕುತ್ತಿದ್ದೆ. ಕೈಯಲ್ಲಿದ್ದ ಬಟ್ಟೆ ನೋಡಿಕೊಂಡೆ. ಹಸಿರು ಚೌಕಡಿ, ಕೆಂಪು ಅಂಚು.

ಅದು ಅತ್ತೆಯ ಸೀರೆ ಅಂತ ನನಗೆ ಗೊತ್ತಿರಲಿಲ್ಲ. ಖರೆ ಹೇಳುತ್ತೇನೆ, ಗೊತ್ತಿರಲಿಲ್ಲ. (ಇದನ್ನೇ ವಾರವಿಡೀ ಮನೆಯಲ್ಲಿ ಹೇಳುತ್ತಿದ್ದೇನೆ. ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ.)

ನಮ್ಮ ಕಡೆಯ ಕೌದಿ ನಿಮಗೆ ಗೊತ್ತಲ್ಲ? ಉಟ್ಟುಟ್ಟು ಮೆತ್ತಗಾದ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಕೈಹೊಲಿಗೆ ಹಾಕಿ ಮಾಡುವ ಹೊದಿಕೆ. ಹುಟ್ಟುವ ಕೂಸಿಗೆ ಮನೆಯ ಹಿರಿಯರ ಸೀರೆಯ ಕೌದಿಯೇ ಆಗಬೇಕು. ಮಗಳು ಸವಿತಾ ಚೊಚ್ಚಲ ಹೆರಿಗೆಗೆಂದು ಜಮಖಂಡಿಗೆ, ನಮ್ಮ ಮನೆಗೆ ಬಂದಿದ್ದಾಳೆ. ಅತ್ತೆ ಹೋದ ವರ್ಷ ತೀರಿಕೊಂಡರು. ಬನಹಟ್ಟಿಯಲ್ಲಿ ಮಗ್ಗದ ಪಕ್ಕ ಕೂತು ಜೀವನವಿಡೀ ನೂಲು ಸುತ್ತಿದವರು, ತಮ್ಮ ಮಗ್ಗದ ಸೀರೆಯನ್ನೇ ಉಟ್ಟವರು. ಆ ಸೀರೆಗಳನ್ನು ಗಿರಿಜಾ ಈ ಕೌದಿಗೆಂದೇ ತಂದಿಟ್ಟಿದ್ದಳು.

ನಾನೇನು ಮಾಡಿದೆ? ತಾಯಿ-ಮಗಳು ಡಾಕ್ಟರ ಹತ್ತಿರ ಹೋದಾಗ ಟ್ರಂಕು ತೆಗೆದು, ಕೈಗೆ ಸಿಕ್ಕ ಹಳೆಯ ಸೀರೆಗಳನ್ನು ಪರಪರ ಹರಿದೆ. ಪೇಂಟಿಗೆ ಗೀರು ಬೀಳಬಾರದೆಂದರೆ ಮೆತ್ತನೆಯ ಕಾಟನ್ನೇ ಬೇಕು ನೋಡಿ! ಒಂದಿಷ್ಟು ಪಾಲಿಶ್‌ಗೆ, ಉಳಿದದ್ದು ಎಂಜಿನ್ ಆಯಿಲ್ ಒರೆಸಲು.

ಟ್ರಂಕಿಗೆ ಕೈ ಹಾಕುವಷ್ಟು ಸಲಿಗೆ ಎಲ್ಲಿಂದ ಬಂತು? ಶೆಡ್ಡಿನಲ್ಲಿ ಶುರುವಾದ ಹವ್ಯಾಸ ಯಾವಾಗ ಹೊಸ್ತಿಲು ದಾಟಿತೋ ನನಗೇ ತಿಳಿಯಲಿಲ್ಲ. ರೇಡಿಯೇಟರ್ ಪಡಸಾಲೆಗೆ ಬಂತು. ಬಂಪರ್ ಮಂಚದ ಕೆಳಗೆ ಸೇರಿತು. ಕಾರ್ಬೊರೇಟರ್ ಅದೇ ಟ್ರಂಕಿನ ಮೇಲೆ ಕೂತಿತ್ತು. ಮನೆ ತುಂಬ ನನ್ನದೇ ಸಾಮಾನಾದ ಮೇಲೆ ಕಣ್ಣಿಗೆ ಬಿದ್ದದ್ದೆಲ್ಲ ನನ್ನದೇ ಅನ್ನಿಸತೊಡಗಿತ್ತು.

ಕೌದಿ ಹೊಲಿಯುವ ಗಂಗವ್ವ ಸೂಜಿ-ದಾರ ಹಿಡಿದು ಆಗಲೇ ಬಂದು ಕೂತಿದ್ದಳು. ಅವಳೆದುರೇ ಚಿಂದಿಗಳನ್ನು ತಂದು ಹಾಕಬೇಕಾಯಿತು. ಕಪ್ಪು ಆಯಿಲ್ ಹಿಡಿದ ಸೆರಗು ಮೂಸಿ ನೋಡಿದ ಗಂಗವ್ವ, "ಎಷ್ಟ ಒಗದ್ರೂ ಈ ವಾಸನಿ ಹೋಗೂದಿಲ್ಲ ಬೇ ಗಿರಿಜವ್ವಾ. ಹಸುಗೂಸಿನ ಮೈಗೆ ಬ್ಯಾಡ" ಎಂದು ಎದ್ದು ಹೋದಳು.

ಗಿರಿಜಾ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಚಿಂದಿಗಳನ್ನು ಮಡಿಲಲ್ಲಿ ಇಟ್ಟುಕೊಂಡು, "ಹಳೇ ಗಾಡಿಯ ಒಂದ ನಟ್ಟಿಗೆ ಮುಧೋಳ, ಬೀಳಗಿ ಅಂತ ಊರೂರು ತಿರಗ್ತೀರಿ. ನಮ್ಮವ್ವನ ಹಳೇ ಸೀರಿ ನಿಮಗ ಒರಸು ಅರಿವಿ ಆತಲ್ರೀ?" ಎಂದಳು. ಅವಳ ಕಣ್ಣುಗಳು ತುಂಬಿದ್ದವು.

'ಹಳೆಯದರ ಬೆಲೆ ಈಗಿನವರಿಗೆ ಎಲ್ಲಿ ಗೊತ್ತು' ಎಂದು ಇದೇ ಅಂಕಣದಲ್ಲಿ ನಿಮಗೆಲ್ಲ ಪಾಠ ಹೇಳಿದ ಮಹಾಶಯ ನಾನು. ಮರ್ಯಾದೆ ಮೂರಾಬಟ್ಟೆ ಆಯಿತು. ನಾಚಿಕೆಯಾಗುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಾರು ಮಾರಿ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ನಾನೇ ಬಂಪರ್, ರೇಡಿಯೇಟರ್ ಎಲ್ಲ ಹೊತ್ತು ಶೆಡ್ಡಿಗೆ ಹಾಕಿದೆ. ಇನ್ನು ಭಾನುವಾರ ಮಧ್ಯಾಹ್ನದ ಊಟದವರೆಗೆ ಮಾತ್ರ ಕಾರಿನ ಕೆಲಸ, ಆಮೇಲೆ ಶೆಡ್ಡಿಗೆ ಬೀಗ. ಹವ್ಯಾಸಕ್ಕೂ ಒಂದು ಅಂಗಳ ಬೇಕು, ಅದರಾಚೆ ಕಾಲಿಡಬಾರದು. ಈ ಬುದ್ಧಿ ಮೊದಲೇ ಬಂದಿದ್ದರೆ?

ಬೀಗ ಹಾಕುವ ಮುಂಚೆ ರೂಢಿಯಂತೆ ಕಾರಿಗೆ ಕವರ್ ಹೊದಿಸಿದೆ. ಅಳತೆ ಕೊಟ್ಟು ಹೊಲಿಸಿದ್ದು, ಒಳಗೆ ಮೆತ್ತನೆಯ ಅಸ್ತರು. ತಿರುಗಿದರೆ ಬಾಗಿಲಲ್ಲಿ ಸವಿತಾ, ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು.

"ಗಾಡಿಗೆ ಛಲೋ ಹೊಚ್ಚೀ ನೋಡಪ್ಪಾ" ಎಂದಳು. "ನನ್ನ ಕೂಸಿಗೆ ಏನ ಹೊಚ್ಚಲಿ?"