ಮಾಕ್ ಟೆಸ್ಟಿನ ಮೊದಲ ರ‍್ಯಾಂಕು

ಮೊದಲ ಸಲ ನೀಟ್ ಬರೆದು ಸೀಟು ಸಿಗದೇ ಹೋದಾಗ, ಕೋಲಾರದ ಅದೇ ಕೋಚಿಂಗ್ ಸೆಂಟರಿಗೆ ಇನ್ನೊಂದು ವರ್ಷ ಸೇರಿದೆ. ನಮ್ಮ ಮನೆ ನಂಗಲಿಯಲ್ಲಿ. ಹೆದ್ದಾರಿ ಪಕ್ಕ ಅಮ್ಮನ ಇಡ್ಲಿ ಹೋಟೆಲು, ಗಿರಾಕಿಗಳೆಲ್ಲ ಆಂಧ್ರದ ಕಡೆಯ ಲಾರಿ ಡ್ರೈವರುಗಳು. ಬೆಳಗ್ಗೆ ಬ್ಯಾಗು ಹಾಕಿಕೊಂಡು ಹೊರಟರೆ ಅವರು ತೆಲುಗಿನಲ್ಲಿ "ಮಳ್ಳೀನಾ?" ಎನ್ನುವರು, ಮತ್ತೊಮ್ಮೆಯಾ ಎಂದು. ನಾನು ತಲೆಯಾಡಿಸಿ ಬಸ್ಸು ಹತ್ತುತ್ತಿದ್ದೆ.

ಸೆಂಟರಿನ ಯಜಮಾನರನ್ನು ನಾವು ಸರ್ ಎಂದಷ್ಟೇ ಕರೆಯುತ್ತಿದ್ದೆವು. ಟೆಸ್ಟು ಬರೆದು ಬರೆದೇ ಡಾಕ್ಟರಾಗಬೇಕು ಎನ್ನುವುದು ಅವರ ನಂಬಿಕೆ. ಹೀಗಾಗಿ ಪಾಠ ಮಾಡುವ ಗೋಜಿಗೆ ಅವರು ಹೆಚ್ಚು ಹೋಗುತ್ತಿರಲಿಲ್ಲ. ಪ್ರತಿ ಭಾನುವಾರ ಮಾಕ್ ಟೆಸ್ಟು. ಎಲ್ಲವೂ ನಿಜವಾದ ಪರೀಕ್ಷೆಯ ಹಾಗೇ ಇರಬೇಕೆಂದು ಬಾಗಿಲಲ್ಲೇ ನಮ್ಮ ಓಲೆ, ಬಳೆ ಬಿಚ್ಚಿಸಿ ಒಳಗೆ ಬಿಡುತ್ತಿದ್ದರು.

ಮೊದಲ ಭಾನುವಾರ ಪ್ರಶ್ನೆಪತ್ರಿಕೆ ತೆರೆದರೆ, ಅದು ಹೋದ ವರ್ಷದ್ದೇ. ಮೇಲಿನ ಇಸವಿ ಮಾತ್ರ ಬದಲಾಗಿತ್ತು, ಅಚ್ಚಿನ ತಪ್ಪುಗಳು ಕೂಡ ಹಾಗೇ ಇದ್ದವು. ನಾನು ತಪ್ಪು ಬರೆದು ಬೈಸಿಕೊಂಡಿದ್ದ ಪ್ರಶ್ನೆಗಳಂತೂ ಮರೆಯುವಂತಿರಲಿಲ್ಲ. ಮೊದಲ ರ‍್ಯಾಂಕು ಬಂತು.

ಮರುದಿನ ಸರ್ ಕೋಣೆಗೆ ಹೋಗಿ ಹೇಳಿದೆ. "ಸರ್, ಅದು ಹೋದ ವರ್ಷದ ಪೇಪರು. ನಂಗೆ ಉತ್ತರ ಎಲ್ಲಾ ಗೊತ್ತಿತ್ತು."

"ಗೊತ್ತಿರ್ಲಿ ಅಂತಾನೇ ಅಲ್ವೇನಮ್ಮಾ ಕೋಚಿಂಗ್ ಕೊಡೋದು?"

"ಪ್ರಶ್ನೇನೂ ಗೊತ್ತಿತ್ತು ಸರ್."

"ಅದನ್ನೇ ನೆನಪಿನ ಶಕ್ತಿ ಅನ್ನೋದು. ಎಲ್ಲಾರ‍್ಗೂ ಇರಲ್ಲ," ಎಂದು ಅವರು ಬೆನ್ನು ತಟ್ಟಿ ಕಳಿಸಿದರು.

ಮುಂದಿನ ಭಾನುವಾರಗಳಲ್ಲೂ ಹೀಗೇ ಆಯಿತು. ಕೊನೆಗೆ ಮುಳಬಾಗಿಲು ಬಸ್ ನಿಲ್ದಾಣದ ಎದುರು ನನ್ನ ಫ್ಲೆಕ್ಸು ಎದ್ದಿತು. ನೀಟ್ ಎಂಬುದು ದೊಡ್ಡ ಅಕ್ಷರದಲ್ಲಿ, ಮಾಕ್ ಟೆಸ್ಟ್ ಎಂಬುದು ಇರುವೆಯಷ್ಟು ಸಣ್ಣದಾಗಿ, ಪ್ರಥಮ ರ‍್ಯಾಂಕ್ ಎಂಬುದು ಮತ್ತೆ ದೊಡ್ಡದಾಗಿ. ಅದನ್ನು ನೋಡಿದ್ದೇ ಅಮ್ಮ ಕುರುಡುಮಲೆಗೆ ಹೋಗಿ ಗಣೇಶನಿಗೆ ಹೊತ್ತಿದ್ದ ಹರಕೆ ತೀರಿಸಿಬಿಟ್ಟಳು.

"ಪರೀಕ್ಷೆನೇ ಇನ್ನೂ ಆಗಿಲ್ಲಮ್ಮ," ಎಂದೆ.

"ಬಸ್‌ಸ್ಟ್ಯಾಂಡಲ್ಲಿ ಹಾಕವ್ರೆ ಕಣೇ. ಸುಳ್ಳಾಗ್ತದಾ?"

ಡ್ರೈವರುಗಳು ಈಗ ನನ್ನನ್ನು ಡಾಕ್ಟರಮ್ಮ ಎನ್ನತೊಡಗಿದರು. ಒಬ್ಬ ಹಿರಿಯರು ಇಡ್ಲಿ ತಿನ್ನುತ್ತಲೇ ಪ್ಯಾಂಟು ಮಡಚಿ ಮಂಡಿ ತೋರಿಸಿದರು. ನಾನು ಗಂಭೀರವಾಗಿ ನೋಡಿ, ಬಿಸಿನೀರಿನ ಶಾಖ ಕೊಡಿ ಎಂದೆ. ಬೇರೇನೂ ಗೊತ್ತಿರಲಿಲ್ಲ.

ಎರಡನೇ ರ‍್ಯಾಂಕು ಯಾವಾಗಲೂ ಮುಳಬಾಗಿಲಿನ ಒಬ್ಬ ಹುಡುಗಿಗೆ. ಅವಳ ಅಪ್ಪನದು ಪಾತ್ರೆ ಅಂಗಡಿ, ಮನೆಮಾತು ದಖನಿ ಉರ್ದು. ಅವಳಿಗೆ ಅದು ಮೊದಲ ವರ್ಷ. ಒಂದು ದಿನ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತಳು.

"ನಿಜ ಹೇಳು, ಹೆಂಗೆ ಓದ್ತೀಯಾ? ನಿನ್ನ ಫೋಟೋ ನೋಡಿದಾಗೆಲ್ಲಾ ನಮ್ಮ ಅಬ್ಬಾ ನಂಗೆ ಬೈತಾರೆ."

ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ನಕ್ಕುಬಿಟ್ಟಳು.

"ಹಂಗಾದ್ರೆ ನಾನೇ ಫಸ್ಟು."

"ಹೂಂ ಕಣೇ."

ಅಂದಿನಿಂದ ಅವಳಿಗಿದ್ದ ಚಿಂತೆ ನನಗೆ ಅಂಟಿಕೊಂಡಿತು. ಅವಳು ಬೇರೆ ಕಡೆಯ ಪ್ರಶ್ನೆಗಳನ್ನು ಹುಡುಕಿ ತಂದು ಬಸ್ಸಿನಲ್ಲಿ ಕೇಳುವಳು. ನಾನು ಅರ್ಧಕ್ಕರ್ಧ ತಪ್ಪು ಹೇಳುವೆ. ಕೋಲಾರ ಬರುವ ಹೊತ್ತಿಗೆ ಮೊದಲ ರ‍್ಯಾಂಕಿನ ನನ್ನ ಮುಖ ಬಾಡಿರುತ್ತಿತ್ತು. ಆದರೂ ಆ ವರ್ಷ ನಾನು ಏನಾದರೂ ಕಲಿತಿದ್ದರೆ ಆ ಬಸ್ಸಿನ ಸೀಟಿನಲ್ಲೇ.

ನಿಜವಾದ ಪರೀಕ್ಷೆಯಲ್ಲಿ ಗುರುತಿನ ಪ್ರಶ್ನೆ ಒಂದೂ ಇರಲಿಲ್ಲ. ಅವಳಿಗೆ ಮೆಡಿಕಲ್ ಸೀಟು ಸಿಕ್ಕಿತು. ನನಗೆ ಮೊದಲ ಸಲಕ್ಕಿಂತ ಹೆಚ್ಚು ಅಂಕ ಬಂದರೂ ಅಷ್ಟು ಸಾಲಲಿಲ್ಲ, ನರ್ಸಿಂಗ್ ಸೇರಿದೆ. ಸರ್ ಅವಳ ಫ್ಲೆಕ್ಸು ಹಾಕಿಸುವಾಗ ನನ್ನನ್ನೂ ಬಿಡಲಿಲ್ಲ. "ನರ್ಸಿಂಗೂ ಮೆಡಿಕಲ್ ಫೀಲ್ಡೇ ಅಲ್ವೇನಮ್ಮಾ?" ಎಂದು ಕೆಳಮೂಲೆಯಲ್ಲಿ ನನ್ನ ಫೋಟೋ ಸೇರಿಸಿದರು.

ಅಮ್ಮನಿಗೆ ಹೇಗೆ ಹೇಳುವುದೆಂದು ನಾನು ಹೆದರಿದ್ದೆ. ಆದರೆ ಅವಳು ಯಾರನ್ನೋ ಕೇಳಿ ಎಲ್ಲ ತಿಳಿದುಕೊಂಡಿದ್ದಳು. ಮಗಳು ಡಾಕ್ಟರಾಗಲಿಲ್ಲವೇ ಎಂದು ಒಬ್ಬ ಡ್ರೈವರು ಕೇಳಿದಾಗ, ಚಟ್ನಿ ಬಡಿಸುತ್ತಲೇ ಹೇಳಿದಳು: "ಡಾಕ್ಟ್ರು ಬಂದು ಒಂದ್ ಗಳಿಗೆ ನೋಡ್ಕೊಂಡು ಹೋಗ್ತಾರಂತೆ. ಮಿಕ್ಕಿದ್ ಹೊತ್ತೆಲ್ಲಾ ನಮ್ಮುಡ್ಗೀನೇ ನೋಡ್ಕೊಳ್ಳೋದು."